ಬೆರಳುಗಳಿಗೆ ಹಾಡಲು ಕಲಿಸಿದ ಗುರು ಶೋಪಾನ್

ಸೇಂಟ್ ಪೀಟರ್ಸ್‌ಬರ್ಗ್‌ನ ಸರ್ಕಾರಿ ಅಧಿಕಾರಿ ವಿಲ್ಹೆಲ್ಮ್ ಫಾನ್ ಲೆಂಟ್ಸ್ 1842ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಆತನ ಬಳಿ ಒಂದು ಚೀಟಿಯಿತ್ತು. ಬರೆದುಕೊಟ್ಟವನು ಆ ಕಾಲದ ಯುರೋಪಿನಲ್ಲಿ ಮನೆಮಾತಾಗಿದ್ದ ಪಿಯಾನೊ ವಾದಕ ಫ್ರಾಂಜ್ ಲಿಸ್ಟ್. ಈತನನ್ನು ಒಳಗೆ ಬಿಡಬಹುದು ಎಂಬರ್ಥದ ಎರಡೇ ಪದ, ಜತೆಗೆ ಸಹಿ. ಅಷ್ಟಿದ್ದರೂ ಮನೆಯ ಆಳು, ಯಜಮಾನರು ಊರಿನಲ್ಲಿಲ್ಲವೆಂದು ಹೇಳಿ ಸಾಗಹಾಕಲು ನೋಡಿದ. ಲೆಂಟ್ಸ್ ಹಟ ಹಿಡಿದು ಚೀಟಿಯನ್ನು ಒಳಗೆ ಕಳುಹಿಸಿದ. ಸ್ವಲ್ಪ ಹೊತ್ತಿಗೆ ಕೃಶಕಾಯದ, ಉಡುಪಿನಲ್ಲಿ ಅತ್ಯಂತ ಅಚ್ಚುಕಟ್ಟಾದ ವ್ಯಕ್ತಿಯೊಬ್ಬ ಅದೇ ಚೀಟಿಯನ್ನು ಕೈಯಲ್ಲಿ ಹಿಡಿದು ಹೊರಬಂದ. ಕುಳಿತುಕೊಳ್ಳುವಂತೆಯೂ ಹೇಳಲಿಲ್ಲ. ಏನಾಗಬೇಕೆಂದು ವಿಚಾರಿಸಿದ, ನುಡಿಸಲು ಸೂಚಿಸಿದ.

ಲೆಂಟ್ಸ್ ನುಡಿಸಿದ್ದು ಎದುರಿಗಿದ್ದ ವ್ಯಕ್ತಿಯೇ ರಚಿಸಿದ್ದ ಒಂದು ಮಜುರ್ಕಾ. ಪೋಲೆಂಡಿನ ಜನಪದ ಕುಣಿತದ ಧಾಟಿಯ ಪುಟ್ಟ ಕೃತಿ. ನಡುವೆ ಒಂದೆಡೆ ಲಿಸ್ಟ್ ಹೇಳಿಕೊಟ್ಟಿದ್ದ ಸಣ್ಣ ಅಲಂಕಾರವೊಂದನ್ನೂ ಸೇರಿಸಿದ. ಕೇಳುತ್ತಿದ್ದಾತ ಅದನ್ನು ಕೂಡಲೇ ಪತ್ತೆಹಚ್ಚಿದ. ಆ ಕುಸುರಿ ನುಡಿಸಿದವನದಲ್ಲ, ಲಿಸ್ಟ್‌ನದು. ಎಲ್ಲದರಲ್ಲಿಯೂ ಕೈಯಾಡಿಸದಿದ್ದರೆ ಆತನಿಗೆ ಸಮಾಧಾನವಿಲ್ಲ ಎಂದು ಆಕ್ಷೇಪಿಸಿದ. ಆದರೂ ಶಿಷ್ಯನನ್ನು ಒಪ್ಪಿಕೊಂಡ. ವಾರಕ್ಕೆ ಹೆಚ್ಚೆಂದರೆ ಎರಡು ಪಾಠ ಎಂದು ನಿಗದಿಯಾಯಿತು.

ಆ ಗುರುವಿನ ಹೆಸರು ಫ್ರೆಡೆರಿಕ್ ಶೋಪಾನ್. ಇಂಗ್ಲಿಷ್ ಕಾಗುಣಿತವನ್ನು ನೆಚ್ಚಿ ನಮ್ಮಲ್ಲಿ ಚಾಪಿನ್ ಎಂದು ಬರೆಯುವುದೂ ಉಂಟು. ಫ್ರೆಂಚ್ ಮೂಲದ ಈ ಮನೆತನದ ಹೆಸರಿನ ಉಚ್ಚಾರ ಮಾತ್ರ ಬೇರೆ. ಪಿಯಾನೊ ಕೃತಿಗಳ ರಚನಕಾರನೆಂದು ಜಗತ್ತು ಈತನನ್ನು ಬಲ್ಲದು. ಆದರೆ ಬದುಕಿದ್ದಾಗ ಆತನ ಮನೆಯ ಬಾಡಿಗೆ, ಗಾಡಿಯ ಖರ್ಚು, ಬಿಳಿ ಕೈಗವಸುಗಳ ಲೆಕ್ಕ ಎಲ್ಲವನ್ನೂ ಬಹುಪಾಲು ತೂಗಿಸಿದ್ದು ಪಾಠ ಹೇಳುವ ಕಾಯಕ. ಇಡೀ ಜೀವಿತದಲ್ಲಿ ಆತ ಸಾರ್ವಜನಿಕವಾಗಿ ನುಡಿಸಿದ ಕಛೇರಿಗಳು ಸುಮಾರು 30 ಮಾತ್ರ. ಪಾಠ ಹೇಳಿದ್ದು ಸಾವಿರಾರು ತಾಸು. ಹೀಗಿದ್ದೂ ಆತನ ನಂತರ ಆತನ ಹೆಸರಿನ ಶಾಲೆಯಾಗಲಿ, ಪೂರ್ಣಗೊಂಡ ಪಠ್ಯಗ್ರಂಥವಾಗಲಿ ಉಳಿಯಲಿಲ್ಲ. ಉಳಿದದ್ದು ಕೆಲವು ಹರಿದ ಹಾಳೆಗಳು ಮತ್ತು ಶಿಷ್ಯರ ಪುಸ್ತಕಗಳ ಅಂಚಿನಲ್ಲಿ ಆತ ಬರೆದಿದ್ದ ಪೆನ್ಸಿಲ್ ಗುರುತುಗಳು.

ವಾರ್ಸಾದ ಬಾಲಕ

ಶೋಪಾನ್ ಹುಟ್ಟಿದ್ದು 1810ರಲ್ಲಿ, ವಾರ್ಸಾ ನಗರಕ್ಕೆ ಪಶ್ಚಿಮದಲ್ಲಿರುವ ಝೆಲಾಜೋವಾ ವೋಲಾ ಎಂಬ ಹಳ್ಳಿಯಲ್ಲಿ. ಚರ್ಚಿನ ದಾಖಲೆ ಫೆಬ್ರುವರಿ 22 ಎನ್ನುತ್ತದೆ. ಮನೆಯವರು ಹುಟ್ಟುಹಬ್ಬ ಆಚರಿಸುತ್ತಿದ್ದುದು ಮಾರ್ಚ್ 1ರಂದು. ತಂದೆ ನಿಕೊಲಾ ಫ್ರಾನ್ಸಿನ ಲೊರೇನ್ ಪ್ರಾಂತದಿಂದ ಬಂದು ನೆಲೆಸಿದ ಫ್ರೆಂಚ್ ಉಪಾಧ್ಯಾಯ, ತಾಯಿ ಯುಸ್ತಿನಾ ಪೋಲಿಷ್ ಮಹಿಳೆ. ಮಗು ಹುಟ್ಟಿದ ವರ್ಷವೇ ಕುಟುಂಬ ವಾರ್ಸಾಕ್ಕೆ ಸ್ಥಳಾಂತರಗೊಂಡಿತು.

ಮೊದಲ ಗುರು ವೊಯ್ಚೆಖ್ ಝಿವ್ನಿ, ಬೊಹೆಮಿಯಾ ಮೂಲದವರು. ಮುಖ್ಯವಾಗಿ ಅವರು ಪಿಟೀಲು ವಾದಕರೇ ಹೊರತು ಪಿಯಾನೊ ಪಂಡಿತರಲ್ಲ. ಈ ಸಂಗತಿ ಹುಡುಗನ ಪಾಲಿಗೆ ವರವಾಯಿತೆಂದೇ ಹೇಳಬೇಕು. ಝಿವ್ನಿ ಅವನಲ್ಲಿ ಬಾಖ್ ಕುರಿತ ಭಕ್ತಿಯನ್ನು ಬಿತ್ತಿದರು. ಬೆರಳುಗಳ ವಿಷಯದಲ್ಲಿ ಅವನನ್ನು ಅವನ ಪಾಡಿಗೆ ಬಿಟ್ಟರು. ಏಳರ ಹರೆಯದಲ್ಲಿ, 1817ರಲ್ಲಿ, ಆತನ ಮೊದಲ ಪೊಲೊನೇಸ್ ಅಚ್ಚಾಯಿತು. ಮುಂದೆ ಸಂಗೀತ ರಚನೆಯನ್ನು ಕಲಿಸಿದ ಯೂಝೆಫ್ ಎಲ್ಸ್‌ನರ್ ಕೂಡ ಶಿಷ್ಯನ ಸ್ವಭಾವವನ್ನು ತಿದ್ದಲು ಹೋಗಲಿಲ್ಲ. ಪಿಯಾನೊದ ಮುಂದೆ ಹೇಗೆ ಕೂರಬೇಕು, ಯಾವ ಸ್ವರಕ್ಕೆ ಯಾವ ಬೆರಳು ಎಂಬುದನ್ನೆಲ್ಲ ಶೋಪಾನ್ ಬಹುಮಟ್ಟಿಗೆ ತಾನೇ ಕಂಡುಕೊಂಡ.

ಆತ ವಾರ್ಸಾ ಬಿಟ್ಟದ್ದು 1830ರ ನವೆಂಬರ್ 2ರಂದು. ಅದೇ ತಿಂಗಳ 29ರಂದು ರಷ್ಯಾದ ಆಳ್ವಿಕೆಯ ವಿರುದ್ಧ ಪೋಲೆಂಡಿನಲ್ಲಿ ದಂಗೆ ಸಿಡಿಯಿತು, ಮರುವರ್ಷ ಅದು ಹತ್ತಿಕ್ಕಲ್ಪಟ್ಟಿತು. ಶೋಪಾನ್ ಮತ್ತೆಂದೂ ತಾಯ್ನೆಲಕ್ಕೆ ಮರಳಲಿಲ್ಲ.

1831ರ ಶರತ್ಕಾಲದಲ್ಲಿ ಪ್ಯಾರಿಸ್ ತಲುಪಿದಾಗ ಆತನಿಗೆ 21 ವರ್ಷ. ಅಲ್ಲಿನ ಪಿಯಾನೊ ಲೋಕದ ಹಿರಿಯ ಫ್ರೆಡೆರಿಕ್ ಕಾಲ್ಕ್‌ಬ್ರೆನರ್ ತರುಣನ ವಾದನವನ್ನು ಕೇಳಿ ಮೆಚ್ಚಿ, ತನ್ನ ಬಳಿ ಮೂರು ವರ್ಷ ಕಲಿತರೆ ಪರಿಪೂರ್ಣನಾಗುವೆಯೆಂದು ಆಹ್ವಾನವಿತ್ತ. ಶೋಪಾನ್ ಮೊದಲು ತುಸು ಹೊಯ್ದಾಡಿದ. ಊರಿಗೆ ಪತ್ರ ಬರೆದು ತಂದೆಯನ್ನೂ ಎಲ್ಸ್‌ನರ್‌ನನ್ನೂ ಕೇಳಿದ. ಕೊನೆಗೆ ವಿನಯದಿಂದಲೇ ನಿರಾಕರಿಸಿ, ತನ್ನ ಇ ಮೈನರ್ ಕನ್ಚೆರ್ಟೊವನ್ನು ಹಿರಿಯನಿಗೆ ಅರ್ಪಿಸಿ ಸಂಬಂಧವನ್ನು ಉಳಿಸಿಕೊಂಡ. ಒಂದು ವೇಳೆ ಒಪ್ಪಿದ್ದರೆ? ಕಾಲ್ಕ್‌ಬ್ರೆನರ್‌ನ ಪದ್ಧತಿಯಲ್ಲಿ ಪಿಯಾನೊದ ಮುಂದೆ ಅಡ್ಡಲಾಗಿ ಒಂದು ಪಟ್ಟಿಯನ್ನು ಕಟ್ಟಿ, ಅದರ ಮೇಲೆ ಮುಂಗೈ ಊರಿ, ಬೆರಳುಗಳನ್ನು ಮಾತ್ರ ಆಡಿಸುವ ಅಭ್ಯಾಸವಿತ್ತು. ಬೆರಳುಗಳು ಯಂತ್ರದಂತೆ ಪಳಗುವ ತನಕ ಪುಸ್ತಕವನ್ನು ಓದುತ್ತಲೇ ಸಾಧನೆ ಮಾಡಬಹುದೆಂಬುದು ಆತನ ಅಭಿಮತ. ಶೋಪಾನ್ ಮುಂದೆ ಕಲಿಸಿದ್ದು ಅಕ್ಷರಶಃ ಇದಕ್ಕೆ ವಿರುದ್ಧವಾದುದನ್ನು.

ಒಂದು ಪಾಠಕ್ಕೆ 20 ಫ್ರಾಂಕ್

1832ರ ಫೆಬ್ರುವರಿಯಲ್ಲಿ ಪ್ಲೇಯೆಲ್ ಸಭಾಂಗಣದಲ್ಲಿ ನಡೆದ ಮೊದಲ ಕಛೇರಿಯ ಬಳಿಕ ಶ್ರೀಮಂತರ ಮನೆಗಳ ಬಾಗಿಲು ತೆರೆದವು. ರಾಜಮನೆತನದ ಹೆಂಗಸರು, ರಾಥ್‌ಶೀಲ್ಡ್ ಕುಟುಂಬದವರು, ದೇಶ ಬಿಟ್ಟು ಬಂದ ಪೋಲಿಷ್ ಕುಲೀನರು ಶಿಷ್ಯವರ್ಗ ಸೇರಿದರು. ಒಂದು ಪಾಠಕ್ಕೆ 20 ಫ್ರಾಂಕ್; ಶಿಷ್ಯರ ಮನೆಗೇ ಹೋಗಬೇಕಾದರೆ 30. ಹಣವನ್ನು ಕೈಗೆ ಕೊಡುವ ಪದ್ಧತಿಯಿರಲಿಲ್ಲ. ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ಇಟ್ಟು ಹೋಗುತ್ತಿದ್ದರು, ಗುರು ಆ ಹೊತ್ತಿಗೆ ಕಿಟಕಿಯತ್ತ ನೋಡುತ್ತಿದ್ದ. ದಿನಕ್ಕೆ ನಾಲ್ಕೈದು ಪಾಠ. ಲೆಕ್ಕಕ್ಕೆ ಮುಕ್ಕಾಲು ತಾಸಾದರೂ, ಮೆಚ್ಚಿನ ಶಿಷ್ಯರಿಗೆ ಅದು ಎಷ್ಟೋ ತಾಸುಗಳಿಗೆ ಹಿಗ್ಗುತ್ತಿತ್ತು. ಬೇಸಿಗೆಯಲ್ಲಿ ಲೇಖಕಿ ಜಾರ್ಜ್ ಸಾಂದ್‌ಳ ನೊಆನ್ ಗ್ರಾಮದ ಮನೆಗೆ ಹೋಗಿ ಕೃತಿರಚನೆ, ಚಳಿಗಾಲದಲ್ಲಿ ಪ್ಯಾರಿಸ್ಸಿನಲ್ಲಿ ಪಾಠ. ವರ್ಷಗಳ ಕಾಲ ಇದೇ ಕ್ರಮ.

ಪಾಠದ ಕೋಣೆಯಲ್ಲಿ ಎರಡು ಪಿಯಾನೊ. ಶಿಷ್ಯರು ಪ್ಲೇಯೆಲ್ ಕಂಪನಿಯ ದೊಡ್ಡ ಗ್ರ್ಯಾಂಡ್ ಪಿಯಾನೊದ ಮುಂದೆ, ಗುರು ಪಕ್ಕದ ಪುಟ್ಟ ನೇರ ಪಿಯಾನೊದ ಮುಂದೆ. ವಿವರಣೆಗಿಂತ ನುಡಿಸಿ ತೋರಿಸುವುದೇ ಹೆಚ್ಚು. ಪ್ಲೇಯೆಲ್ ವಾದ್ಯವನ್ನು ಆತ ಆರಿಸಿದ್ದಕ್ಕೂ ಕಾರಣವಿತ್ತು. ಎರಾರ್ ಕಂಪನಿಯ ಪಿಯಾನೊದಲ್ಲಿ ಹೇಗೆ ಒತ್ತಿದರೂ ಸಿದ್ಧವಾದ ಸುಂದರ ನಾದ ಹೊರಡುತ್ತದೆ. ಮೈ ಸರಿಯಿಲ್ಲದ ದಿನ ಅದು ಅನುಕೂಲ. ಪ್ಲೇಯೆಲ್‌ನಲ್ಲಿ ನಾದವನ್ನು ಬೆರಳು ತಾನೇ ಹುಡುಕಿಕೊಳ್ಳಬೇಕು. ಸುಲಭವಾಗಿ ಸಿಗುವ ನಾದ ಕಲಿಯುವವರ ಸ್ಪರ್ಶವನ್ನು ಕೆಡಿಸುತ್ತದೆ ಎಂದು ಆತ ನಂಬಿದ್ದ.

ಗುರು ಸದಾ ಶಾಂತಮೂರ್ತಿಯಾಗಿದ್ದನೆಂದು ಭಾವಿಸಬೇಕಾಗಿಲ್ಲ. ಬಾಗಿಲ ಬಳಿ ಬಂದು ಕಾಯುವ ಸೌಜನ್ಯ ಎಷ್ಟಿತ್ತೋ, ಶ್ರುತಿಗೆಟ್ಟ ಮನಸ್ಸಿನಿಂದ ನುಡಿಸಿದವರ ಮೇಲೆ ಸಿಟ್ಟೂ ಅಷ್ಟೇ ಇತ್ತು. ಪೆನ್ಸಿಲ್‌ಗಳು ಮುರಿದದ್ದುಂಟು, ಸಿರಿವಂತ ಶಿಷ್ಯೆಯರು ಕಣ್ಣೀರಿಡುತ್ತ ಮೆಟ್ಟಿಲಿಳಿದದ್ದೂ ಉಂಟು.

ಮೊದಲ ಪಾಠ: ಐದು ಸ್ವರ

ಆ ಕಾಲದ ಪಿಯಾನೊ ಶಾಲೆಗಳಲ್ಲಿ, ಈಗಲೂ ಎಷ್ಟೋ ಕಡೆ, ಮೊದಲ ಪಾಠ ಬಿಳಿ ಮನೆಗಳ ಮೇಲೆಯೇ. ಹಾರ್ಮೋನಿಯಂ ಬಲ್ಲ ನಮ್ಮ ಓದುಗರಿಗೆ ಕಪ್ಪು ಮನೆ, ಬಿಳಿ ಮನೆಗಳ ಪರಿಚಯ ಇದ್ದೇ ಇರುತ್ತದೆ. ಪಿಯಾನೊದಲ್ಲಿಯೂ ಅದೇ ವಿನ್ಯಾಸ. ಬರೀ ಬಿಳಿ ಮನೆಗಳ ಸಿ ಮೇಜರ್ ಶ್ರೇಣಿ ಓದಲು ಸುಲಭ, ಆದ್ದರಿಂದ ಕಲಿಯಲೂ ಸುಲಭ ಎಂಬುದು ಎಲ್ಲರ ಎಣಿಕೆ.

ಶೋಪಾನ್ ಇದನ್ನು ತಲೆಕೆಳಗು ಮಾಡಿದ. ಅಂಗೈಯನ್ನು ಸಡಿಲವಾಗಿ ಚಾಚಿ ನೋಡಿದರೆ ಬೆರಳುಗಳು ಒಂದೇ ಉದ್ದ ಇರುವುದಿಲ್ಲ. ಹೆಬ್ಬೆರಳೂ ಕಿರುಬೆರಳೂ ಗಿಡ್ಡ, ನಡುವಿನ ಮೂರು ಉದ್ದ. ಹಾಗಾದರೆ ಗಿಡ್ಡ ಬೆರಳುಗಳು ಬಿಳಿ ಮನೆಗಳ ಮೇಲೂ, ಉದ್ದ ಬೆರಳುಗಳು ತುಸು ಎತ್ತರದಲ್ಲಿ, ಹಿಂದಕ್ಕೆ ಇರುವ ಕಪ್ಪು ಮನೆಗಳ ಮೇಲೂ ಕೂರುವುದೇ ಸಹಜವಲ್ಲವೇ? ಬಲಗೈಯ ಹೆಬ್ಬೆರಳು ಇ ಸ್ವರದ ಮೇಲೆ, ತೋರುಬೆರಳು, ನಡುಬೆರಳು, ಉಂಗುರ ಬೆರಳು ಕ್ರಮವಾಗಿ ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್ ಎಂಬ ಮೂರು ಕಪ್ಪು ಮನೆಗಳ ಮೇಲೆ, ಕಿರುಬೆರಳು ಬಿ ಸ್ವರದ ಮೇಲೆ. ಯಾವುದೇ ಪಿಯಾನೊದ ಮುಂದೆ ಕುಳಿತು ಕೈಯಿಟ್ಟು ನೋಡಿದರೆ ಈ ಮಾತಿನ ಸತ್ಯ ಕ್ಷಣದಲ್ಲಿ ವೇದ್ಯವಾಗುತ್ತದೆ. ಕೈ ತಾನಾಗಿ ಕಮಾನಿನಂತೆ ಬಾಗುತ್ತದೆ, ಯಾವ ಬೆರಳೂ ಮಡಚಿಕೊಳ್ಳಬೇಕಾಗುವುದಿಲ್ಲ. ಶಿಷ್ಯರಿಗೆ ಆತ ಮೊದಲು ಹೇಳಿಕೊಡುತ್ತಿದ್ದ ಸ್ವರಶ್ರೇಣಿ ಐದೂ ಕಪ್ಪು ಮನೆಗಳಿರುವ ಬಿ ಮೇಜರ್. ಓದಲು ಕಷ್ಟ, ಕೈಗೆ ಅತಿ ಸುಲಭ. ಅಲ್ಲಿಂದ ಕಪ್ಪು ಮನೆಗಳನ್ನು ಒಂದೊಂದಾಗಿ ಕಳೆಯುತ್ತ ಬಂದು, ಕೊನೆಗೆ ಕೈಗೆ ಯಾವ ಆಸರೆಯೂ ಇಲ್ಲದ ಸಿ ಮೇಜರ್.

ಈ ಕ್ರಮದ ಹಿಂದೆ ಇನ್ನೂ ದೊಡ್ಡ ಭಿನ್ನಾಭಿಪ್ರಾಯವಿತ್ತು. ಐದೂ ಬೆರಳುಗಳನ್ನು ಸಮಬಲಗೊಳಿಸುವುದೇ ಅಂದಿನ ಎಲ್ಲ ಪಿಯಾನೊ ಗುರುಗಳ ಪರಮಗುರಿ. ಉಂಗುರ ಬೆರಳನ್ನು ಪಕ್ಕದ ಬೆರಳಿನಿಂದ ಬಿಡಿಸಲು ನಾನಾ ಉಪಕರಣಗಳು ಬಂದಿದ್ದವು. ಜರ್ಮನಿಯ ರಾಬರ್ಟ್ ಶೂಮನ್ ತನ್ನ ಬಲಗೈಯನ್ನೇ ಕೆಡಿಸಿಕೊಂಡು ವಾದಕನಾಗುವ ಕನಸನ್ನು ಕೈಬಿಟ್ಟದ್ದು ಇದೇ ಕಾಲಘಟ್ಟದಲ್ಲಿ. ಶೋಪಾನ್‌ನ ನಿಲುವು ಸರಳ. ಉಂಗುರ ಬೆರಳು ನಡುಬೆರಳಿಗೆ ಸ್ನಾಯುವಿನಿಂದ ಅಂಟಿಕೊಂಡು ಹುಟ್ಟಿದ ಅವಳಿ. ಅದನ್ನು ಬಿಡಿಸಲಾಗದು, ಬಿಡಿಸುವ ಅಗತ್ಯವೂ ಇಲ್ಲ. ಪ್ರತಿ ಬೆರಳಿಗೂ ಅದರದೇ ಕಂಠವಿದೆ. ಹೆಬ್ಬೆರಳಿನ ಗಡಸು, ನಡುಬೆರಳಿನ ಸ್ಥಿರತೆ, ಉಂಗುರ ಬೆರಳಿನ ಮಾರ್ದವ ಎಲ್ಲವೂ ಬೇಕು. ಯಾವ ಸ್ವರಕ್ಕೆ ಯಾವ ಕಂಠ ಎಂದು ಆರಿಸುವುದೇ ವಾದಕನ ಜಾಣ್ಮೆ. ಹೀಗಾಗಿ ಆತ ಹೆಬ್ಬೆರಳನ್ನು ಕಪ್ಪು ಮನೆಯ ಮೇಲಿಡಲು ಹಿಂಜರಿಯಲಿಲ್ಲ. ಉದ್ದ ಬೆರಳನ್ನು ಗಿಡ್ಡ ಬೆರಳಿನ ಮೇಲೆ ದಾಟಿಸಿದ. ಒಂದೇ ಬೆರಳಿನಿಂದ ಪಕ್ಕಪಕ್ಕದ ಎರಡು ಸ್ವರಗಳನ್ನು ನುಡಿಸಲೂ ಕಲಿಸಿದ. ಹಳೆಯ ಗುರುಗಳ ಕಣ್ಣಿಗೆ ಇವೆಲ್ಲ ಅಪಚಾರ.

ದಿನಕ್ಕೆ ಆರು ತಾಸು ಸಾಧನೆ ಮಾಡುತ್ತೇನೆಂದ ಶಿಷ್ಯರಿಗೆ ಆತ ಕೋಪಿಸಿಕೊಂಡು ಮೂರು ತಾಸಿನ ಮಿತಿ ವಿಧಿಸುತ್ತಿದ್ದ. ಕಿವಿ ದಣಿದ ಮೇಲೆ ಬೆರಳು ಕಲಿಯುವುದೆಲ್ಲ ದುರಭ್ಯಾಸ. ಉಳಿದ ಹೊತ್ತಿನಲ್ಲಿ ಒಳ್ಳೆಯ ಪುಸ್ತಕ ಓದಬೇಕು, ತಿರುಗಾಡಬೇಕು, ಮುಖ್ಯವಾಗಿ ಇಟಾಲಿಯನ್ ಒಪೆರಾಕ್ಕೆ ಹೋಗಿ ಗಾಯಕರನ್ನು ಕೇಳಬೇಕು. ವೇರಾ ರುಬಿಯೊ ಎಂಬ ಶಿಷ್ಯೆಗಂತೂ ಪಿಯಾನೊ ನುಡಿಸಬೇಕಾದರೆ ಮೊದಲು ಹಾಡಲು ಕಲಿಯಬೇಕೆಂದು ತಾಕೀತು ಮಾಡಿದ್ದ. ವೀಣೆಯನ್ನೋ ಸಿತಾರನ್ನೋ ಗಾಯಕಿ ಶೈಲಿಯಲ್ಲಿ ನುಡಿಸುವವರನ್ನು ಕೇಳಿ ಬೆಳೆದ ನಮಗೆ ಇದು ಹೊಸ ಮಾತೇನಲ್ಲ. ಆದರೆ ಮೀಟಿದ ತಂತಿಯನ್ನು ಎಳೆದು ಸ್ವರವನ್ನು ಬಾಗಿಸುವ ಅನುಕೂಲ ನಮ್ಮ ವಾದ್ಯಗಳಿಗಿದೆ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದ ಮರುಕ್ಷಣದಿಂದಲೇ ಸ್ವರ ಸಾಯತೊಡಗುತ್ತದೆ, ಬಡಿದವನ ಕೈಯಲ್ಲಿ ಮತ್ತೇನೂ ಇರುವುದಿಲ್ಲ. ಅಂತಹ ವಾದ್ಯವನ್ನು ಹಾಡಿಸುವುದು ಹೇಗೆ? ಲೆಂಟ್ಸ್ ಕಲಿಯಲು ಬಂದದ್ದೂ ಇದನ್ನೇ.

ಗಿಟಾರುಗಳ ಮೇಳ

ಆತ ಪಾಠಕ್ಕೆ ಒಯ್ದ ಕೃತಿಗಳಲ್ಲಿ ಒಂದು ಇ ಫ್ಲ್ಯಾಟ್ ಮೇಜರ್ ನಾಕ್ಟರ್ನ್, ಒಂಬತ್ತನೆಯ ಕೃತಿಗುಚ್ಛದ ಎರಡನೆಯದು. ನಾಕ್ಟರ್ನ್ ಎಂದರೆ ರಾತ್ರಿಗೀತೆ. ಐರ್ಲೆಂಡಿನ ಜಾನ್ ಫೀಲ್ಡ್ ರೂಪಿಸಿದ ಪ್ರಕಾರ. ಈ ಗುಚ್ಛವನ್ನು ಶೋಪಾನ್ ಪಿಯಾನೊ ತಯಾರಕ ಕಮಿಲ್ ಪ್ಲೇಯೆಲ್‌ನ ಪತ್ನಿ, ಸ್ವತಃ ಹೆಸರಾಂತ ವಾದಕಿಯಾದ ಮರೀ ಪ್ಲೇಯೆಲ್‌ಗೆ ಅರ್ಪಿಸಿದ್ದ. ಮೊದಲ ಮುದ್ರಣ 1832ರ ಹೊತ್ತಿಗೆ ಬಂತು. ಇಂದು ಸಿನಿಮಾ, ಜಾಹೀರಾತುಗಳಲ್ಲೂ ಕಿವಿಗೆ ಬೀಳುವ, ಪಿಯಾನೊ ಕಲಿಯುವವರೆಲ್ಲ ಒಮ್ಮೆಯಾದರೂ ಮುಟ್ಟುವ ಕೃತಿಯಿದು. ಬರೀ 34 ತಾಳಾವರ್ತನಗಳಷ್ಟು ಪುಟ್ಟದು.

ನೋಡಲು ಅದು ಸುಲಭ. ಎಡಗೈ ಪ್ರತಿ ಪೆಟ್ಟಿಗೂ ಕೆಳಗಿನ ಒಂದು ಮಂದ್ರಸ್ವರ ಮತ್ತು ಮೇಲೆ ಎರಡು ಸ್ವರಗುಚ್ಛಗಳನ್ನು ನುಡಿಸುತ್ತ ಹೋಗುತ್ತದೆ. ಬಲಗೈಯಲ್ಲಿ ಒಂದು ಹಾಡು. ಅದೇ ಹಾಡು ನಾಲ್ಕು ಸಲ ಬರುತ್ತದೆ. ಪ್ರತಿ ಸಲವೂ ಅಲಂಕಾರ ಹೆಚ್ಚುತ್ತದೆ, ಸಂಗತಿಗಳನ್ನು ಬೆಳೆಸುವ ಗಾಯಕನ ಹಾಗೆ. ಹೊಸದಾಗಿ ಕಲಿಯುವವರೆಲ್ಲ ಬಲಗೈಯ ಹಾಡಿಗೆ ಮರುಳಾಗಿ ಅಲ್ಲಿಂದಲೇ ಆರಂಭಿಸುತ್ತಾರೆ.

ಶೋಪಾನ್ ಆರಂಭಿಸಿದ್ದು ಎಡಗೈಯಿಂದ. ಅಷ್ಟೂ ಅಲ್ಲ. ಎಡಗೈಗೆ ಬರೆದ ಪಕ್ಕವಾದ್ಯದ ಭಾಗವನ್ನು ಮೊದಲು ಎರಡೂ ಕೈಗಳಿಗೆ ಹಂಚಿ, ಹಾಡಿಲ್ಲದೆ, ಬರಿದಾಗಿ ನುಡಿಸಬೇಕೆಂದು ಲೆಂಟ್ಸ್‌ಗೆ ಸೂಚಿಸಿದ. ಮಂದ್ರಸ್ವರದ ಬೆನ್ನಿಗೆ ಬರುವ ಪ್ರತಿ ಸ್ವರಗುಚ್ಛವೂ ಗಿಟಾರುಗಳ ಮೇಳದಂತೆ ಕೇಳಿಸಬೇಕು. ಒಂದೇ ಕೈ ಮೇಲಕ್ಕೂ ಕೆಳಕ್ಕೂ ಜಿಗಿಯುವಾಗ ಸ್ವರಗುಚ್ಛಗಳು ಒರಟಾಗುತ್ತವೆ, ಬಡಿದಂತೆ ಕೇಳಿಸುತ್ತವೆ. ಎರಡು ಕೈಗೆ ಹಂಚಿದಾಗ ಜಿಗಿತದ ಕಷ್ಟವಿಲ್ಲ. ಅದು ಎಷ್ಟು ಮೃದುವಾಗಿ, ಎಷ್ಟು ಸಮವಾಗಿ ಇರಬಲ್ಲದು ಎಂಬುದನ್ನು ಕಿವಿ ಮೊದಲು ಕೇಳಿ ಮನಗಾಣುತ್ತದೆ. ಆಮೇಲೆ ಅದೇ ನಾದವನ್ನು ಎಡಗೈಯೊಂದೇ ತರಬೇಕು. ಬೆರಳಿಗಿಂತ ಮೊದಲು ಕಿವಿಗೆ ಗುರಿ ತೋರಿಸುವ ಈ ಒಂದು ಉಪಾಯದಲ್ಲಿಯೇ ಆತನ ಬೋಧನೆಯ ತಿರುಳು ಇದೆ ಎಂದು ನನಗೆ ಅನಿಸುತ್ತದೆ. ಆ ನೆಲ ಗಟ್ಟಿಯಾದ ಮೇಲಷ್ಟೇ ಹಾಡಿಗೆ ಪ್ರವೇಶ.

ಹಾಡಿನಲ್ಲಿ ಮುಖ್ಯ ಕೆಲಸ ಮಣಿಕಟ್ಟಿನದು. ಗಾಯಕನಿಗೆ ಉಸಿರು ಹೇಗೋ ವಾದಕನಿಗೆ ಮಣಿಕಟ್ಟು ಹಾಗೆ ಎಂಬುದು ಶೋಪಾನ್‌ನ ತಿಳಿವಳಿಕೆ. ಹಾಡುವವನು ಒಂದು ಸಾಲು ಮುಗಿದಲ್ಲಿ ಉಸಿರೆಳೆದುಕೊಳ್ಳುತ್ತಾನೆ. ನುಡಿಸುವವನು ಅಲ್ಲಿ ಮಣಿಕಟ್ಟನ್ನು ಹಗುರವಾಗಿ ಮೇಲೆತ್ತಬೇಕು. ತಪ್ಪು ಜಾಗದಲ್ಲಿ ಎತ್ತಿದರೆ ಪದದ ನಡುವೆ ಉಸಿರು ಬಿಟ್ಟಂತೆ. ಹಾಗೆ ಮಾಡಿದವರು ತಮಗೆ ತಿಳಿಯದ ಭಾಷೆಯ ಭಾಷಣವನ್ನು ಬಾಯಿಪಾಠ ಒಪ್ಪಿಸಿದಂತೆ ತೋರುತ್ತದೆ ಎಂದು ಆತ ಗೇಲಿ ಮಾಡುತ್ತಿದ್ದ. ಮೊಳಕೈ ಬಿಳಿ ಮನೆಗಳ ಮಟ್ಟದಲ್ಲಿ, ಕೈ ಒಳಕ್ಕೂ ಹೊರಕ್ಕೂ ತಿರುಗದೆ ನೇರ, ದೇಹದಲ್ಲಿ ಎಲ್ಲಿಯೂ ಬಿಗುವಿಲ್ಲ. ಮನೆಯನ್ನು ಹೊಡೆಯಬಾರದು, ಸವರಬೇಕು. ಆತನ ವಾದನದಲ್ಲಿ ಅಬ್ಬರ ಕಡಿಮೆಯೆಂದು ದೂರಿದವರಿದ್ದರು. ಆದರೆ ಮೆಲುದನಿಯ ಒಳಗೇ ಆತ ತೋರುತ್ತಿದ್ದ ಏರಿಳಿತಗಳ ಸಂಖ್ಯೆಗೆ ಕೇಳಿದವರೆಲ್ಲ ಬೆರಗಾಗಿದ್ದಾರೆ.

ತಾಳದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇಂದಿಗೂ ಚಾಲ್ತಿಯಲ್ಲಿದೆ. ಶೋಪಾನ್ ಎಂದರೆ ಕಾಲವನ್ನು ಇಷ್ಟಬಂದಂತೆ ಹಿಗ್ಗಿಸಿ ಕುಗ್ಗಿಸುವುದು ಎಂದು ಭಾವಿಸಿದ ವಾದಕರು ಅನೇಕ. ಆದರೆ ಆತನ ಪಿಯಾನೊದ ಮೇಲೆ ಮೆಟ್ರೊನೋಮ್ ಸದಾ ಇರುತ್ತಿತ್ತು. ರುಬಾಟೊ ಎಂಬ ಆ ಕಾಲದ ಸ್ವಾತಂತ್ರ್ಯ ಬಲಗೈಗೆ ಮಾತ್ರ. ಎಡಗೈ ಮೇಳದ ನಿರ್ದೇಶಕನಂತೆ ಕದಲದೆ ತಾಳ ಹಿಡಿದಿರಬೇಕು. ಮೃದಂಗದ ನಡೆ ಕೆಡದಂತೆ ಗಾಯಕ ಸ್ವರವನ್ನು ತುಸು ಹಿಂದಕ್ಕೋ ಮುಂದಕ್ಕೋ ಎಳೆಯುವಂತೆ. ಅದು ಕಷ್ಟ. ಎರಡು ಕೈಗಳು ಎರಡು ಮನಸ್ಸಿನಿಂದ ನಡೆಯಬೇಕು.

ಹೀಗೆ ಕಲಿಸಿದ ಗುರುವೇ ತಾಳ ತಪ್ಪುತ್ತಾನೆಂಬ ಆಪಾದನೆ ಒಮ್ಮೆ ಬಂದಿತ್ತು. ಲೆಂಟ್ಸ್ ಒಂದು ಮಜುರ್ಕಾ ಪಾಠ ಕೇಳುತ್ತಿದ್ದಾಗ ಒಪೆರಾ ಸಂಯೋಜಕ ಮೇಯರ್‌ಬೇರ್ ಒಳಬಂದು, ಮೂರು ಪೆಟ್ಟಿನದೆಂದು ಬರೆದಿರುವ ಈ ಕೃತಿ ಎರಡು ಪೆಟ್ಟಿನಂತೆ ಕೇಳಿಸುತ್ತದೆಂದು ವಾದಿಸಿದ. ಶೋಪಾನ್‌ನ ಮುಖ ಕೆಂಪೇರಿತು. ತಾನೇ ನುಡಿಸುತ್ತ, ಗಟ್ಟಿಯಾಗಿ ಎಣಿಸುತ್ತ, ನೆಲಕ್ಕೆ ಕಾಲು ಬಡಿಯುತ್ತ ಸಾಧಿಸಲು ನೋಡಿದ. ಮೇಯರ್‌ಬೇರ್ ಒಪ್ಪಲಿಲ್ಲ, ಇಬ್ಬರೂ ಮುನಿದುಕೊಂಡೇ ಬೇರಾದರು. ಲೆಂಟ್ಸ್ ಕಥೆಗೆ ಬಣ್ಣ ಕಟ್ಟುವುದರಲ್ಲಿ ನಿಸ್ಸೀಮ, ಆತನ ನೆನಪುಗಳು ಪುಸ್ತಕವಾಗಿ ಬಂದದ್ದೂ 30 ವರ್ಷಗಳ ನಂತರ, 1872ರಲ್ಲಿ. ಆದ್ದರಿಂದ ಆತನ ಪ್ರತಿ ಮಾತನ್ನೂ ತೂಗಿಯೇ ನೋಡಬೇಕು. ಆದರೆ ಪಾಠದ ವಿವರಗಳು ಉಳಿದ ಶಿಷ್ಯರ ಹೇಳಿಕೆಗಳೊಂದಿಗೆ ಚೆನ್ನಾಗಿಯೇ ತಾಳೆಯಾಗುತ್ತವೆ.

ಕಳೆದುಹೋದ ವಾರಸುದಾರ

ಗುರುವಿಗೆ ತನ್ನ ವಿದ್ಯೆಯನ್ನು ಸಂಪೂರ್ಣವಾಗಿ ಧಾರೆಯೆರೆಯುವಂತಹ ಶಿಷ್ಯ ಬೇಕಿತ್ತು. ಸುಮಾರು 150 ಮಂದಿ ಆತನಲ್ಲಿ ಕಲಿತರೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಬಹುಪಾಲು ಹವ್ಯಾಸಿಗಳು. ವೇದಿಕೆ ಏರುವುದು ಕುಲೀನ ಮಹಿಳೆಗೆ ಶೋಭಿಸದೆಂದು ನಂಬಿದ್ದ ಸಮಾಜದವರು. ರಾಜಕುಮಾರಿ ಮಾರ್ಟ್ಸೆಲಿನಾ ಚಾರ್ಟೊರಿಸ್ಕಾ ಗುರುವಿನಂತೆಯೇ ನುಡಿಸುತ್ತಿದ್ದಳೆಂದು ಪ್ರತೀತಿ. ಆದರೆ ಆಕೆ ನುಡಿಸಿದ್ದು ಹೆಚ್ಚಾಗಿ ದಿವಾನಖಾನೆಗಳಲ್ಲಿ, ದತ್ತಿ ಕಛೇರಿಗಳಲ್ಲಿ.

1841ರ ಕೊನೆಯಲ್ಲಿ ಟ್ರಾನ್ಸಿಲ್ವೇನಿಯಾದಿಂದ ಅಣ್ಣನ ಕೈಹಿಡಿದು ಬಂದ ಕಾರ್ಲ್ ಫಿಲ್ಟ್ಶ್ ಎಂಬ 11 ವರ್ಷದ ಹುಡುಗ ಆ ಆಸೆಯನ್ನು ಚಿಗುರಿಸಿದ. ಶೋಪಾನ್ ಬೇರಾರಿಗೂ ಕೊಡದಷ್ಟು ಸಮಯವನ್ನು ಅವನಿಗೆ ಕೊಟ್ಟ. ಇ ಮೈನರ್ ಕನ್ಚೆರ್ಟೊವನ್ನು ಬಿಡಿಬಿಡಿ ಭಾಗಗಳಾಗಿ ಮಾತ್ರ ಕಲಿಸಿ, ಇಡಿಯಾಗಿ ನುಡಿಸಲು ಬಹುಕಾಲ ಬಿಡಲೇ ಇಲ್ಲ. ಕೊನೆಗೊಂದು ದಿನ ಆಯ್ದ ಕೆಲವರನ್ನು ಮನೆಗೆ ಕರೆದು, ಎರಡನೆಯ ಪಿಯಾನೊದಲ್ಲಿ ತಾನೇ ವಾದ್ಯಮೇಳದ ಭಾಗ ನುಡಿಸುತ್ತ ಬಾಲಕನಿಂದ ಪೂರ್ತಿ ನುಡಿಸಿದ. ಕಛೇರಿ ಮುಗಿದ ಮೇಲೆ ಹುಡುಗನನ್ನು ಶ್ಲೆಸಿಂಗರ್‌ನ ಸಂಗೀತ ಪುಸ್ತಕದ ಅಂಗಡಿಗೆ ಕರೆದೊಯ್ದು ಬೇತೊವನ್‌ನ ಫಿಡೆಲಿಯೊ ಒಪೆರಾದ ಸ್ವರಲಿಪಿಯನ್ನು ಉಡುಗೊರೆಯಾಗಿ ಕೊಟ್ಟ. ಈ ಹುಡುಗ ಊರೂರು ತಿರುಗಲು ಹೊರಟರೆ ತಾನು ಅಂಗಡಿ ಮುಚ್ಚಬೇಕಾದೀತೆಂದು ಲಿಸ್ಟ್ ತಮಾಷೆ ಮಾಡಿದ್ದ. 1843ರಲ್ಲಿ ಲಂಡನ್, ಬಳಿಕ ವಿಯೆನ್ನಾ. 1845ರ ಮೇ ತಿಂಗಳಲ್ಲಿ ವೆನಿಸ್‌ನಲ್ಲಿ ಫಿಲ್ಟ್ಶ್ ತೀರಿಕೊಂಡ. 15 ತುಂಬುವ ಮುನ್ನವೇ.

ಗುರುವಿನ ಶ್ವಾಸಕೋಶಗಳೂ ಅಷ್ಟರಲ್ಲಿ ಸೋಲತೊಡಗಿದ್ದವು. 1847ರಲ್ಲಿ ಜಾರ್ಜ್ ಸಾಂದ್‌ಳೊಂದಿಗಿನ ಸಂಬಂಧ ಮುರಿಯಿತು. 1848ರ ಫೆಬ್ರುವರಿ 16ರಂದು ಪ್ಯಾರಿಸ್ಸಿನಲ್ಲಿ ಕೊನೆಯ ಕಛೇರಿ. ಕೆಲವೇ ದಿನಗಳಲ್ಲಿ ಕ್ರಾಂತಿ ಎದ್ದು ದೊರೆ ಓಡಿಹೋದ, ಸಿರಿವಂತ ಶಿಷ್ಯರು ಚದುರಿದರು, ಪಾಠದ ಆದಾಯ ನಿಂತಿತು. ಸ್ಕಾಟ್ಲೆಂಡಿನ ಶಿಷ್ಯೆ ಜೇನ್ ಸ್ಟರ್ಲಿಂಗ್ ಆತನನ್ನು ಬ್ರಿಟನ್ನಿಗೆ ಕರೆಸಿಕೊಂಡಳು. ಲಂಡನ್, ಮ್ಯಾಂಚೆಸ್ಟರ್, ಗ್ಲಾಸ್ಗೊ, ಎಡಿನ್‌ಬರೊಗಳಲ್ಲಿ ನುಡಿಸಿದ, ಅಲ್ಲಿಯೂ ಪಾಠ ಹೇಳಿದ. ಮೆಟ್ಟಿಲು ಹತ್ತಲಾಗದೆ ಆಳು ಎತ್ತಿಕೊಂಡು ಹೋಗಬೇಕಿತ್ತು. ನವೆಂಬರ್ 16ರಂದು ಲಂಡನ್ನಿನಲ್ಲಿ ಪೋಲಿಷ್ ನಿರಾಶ್ರಿತರ ಸಹಾಯಾರ್ಥ ನುಡಿಸಿದ್ದೇ ಸಾರ್ವಜನಿಕವಾಗಿ ಕಡೆಯದು. 1849ರ ಅಕ್ಟೋಬರ್ 17ರಂದು ಪ್ಯಾರಿಸ್ಸಿನ ವಾಂದೊಮ್ ಚೌಕದ ಮನೆಯಲ್ಲಿ ಆತ ಕೊನೆಯುಸಿರೆಳೆದ. ವಯಸ್ಸು 39.

ಪೆನ್ಸಿಲ್ ಗುರುತುಗಳ ಪಯಣ

ಪಿಯಾನೊ ಕಲಿಕೆಯ ಪದ್ಧತಿಯೊಂದನ್ನು ಬರೆಯಲು ಆತ ಹೊರಟದ್ದು ನಿಜ. ಹೊಡೆದುಹಾಕಿ ತಿದ್ದಿದ ಕೆಲವು ಹಾಳೆಗಳಿಗೇ ಅದು ನಿಂತಿತು. ಐದು ಸ್ವರಗಳ ಮೇಲಿನ ಕೈಯ ಭಂಗಿ, ಬೆರಳುಗಳ ಸ್ವಭಾವ, ಮೊಳಕೈಯ ಮಟ್ಟ ಅದರಲ್ಲಿವೆ. ಅಲಂಕಾರ, ಪೆಡಲ್ ಬಳಸುವ ಸೂಕ್ಷ್ಮ ಇಲ್ಲ. ಅಪೂರ್ಣವಾದುದನ್ನೆಲ್ಲ ಸುಡಬೇಕೆಂಬುದು ಆತನ ಕೊನೆಯ ಇಚ್ಛೆಯಾಗಿತ್ತು. ಈ ಹಾಳೆಗಳು ಬೆಂಕಿಯಿಂದ ಪಾರಾಗಿ ಅಕ್ಕ ಲುಡ್ವಿಕಾಳ ಕೈಸೇರಿದವು. ಬಳಿಕ ಕೈಯಿಂದ ಕೈಗೆ ದಾಟಿ, 1936ರಲ್ಲಿ ಫ್ರೆಂಚ್ ವಾದಕ ಆಲ್ಫ್ರೆಡ್ ಕೋರ್ಟೊ ಖರೀದಿಸಿದ. ಸರಿಯಾದ ಪಾಠ ಓದುಗರಿಗೆ ದೊರೆಯಲು ಇನ್ನೂ ದಶಕಗಳು ಬೇಕಾದವು. ಶಿಷ್ಯರ ಹೇಳಿಕೆಗಳನ್ನೆಲ್ಲ ಒಂದೆಡೆ ಕೂಡಿಸಿ ಸ್ವಿಟ್ಜರ್ಲೆಂಡಿನ ವಿದ್ವಾಂಸ ಜಾನ್ ಜಾಕ್ ಐಗೆಲ್ಡಿಂಗರ್ ಗ್ರಂಥ ಪ್ರಕಟಿಸಿದ್ದು 1970ರಲ್ಲಿ.

ಹಾಳೆಗಳು ಹೇಳದೆ ಬಿಟ್ಟುದನ್ನು ಶಿಷ್ಯರ ಸ್ವರಪುಸ್ತಕಗಳು ಹೇಳಿದವು. ಪಾಠದ ವೇಳೆ ಶೋಪಾನ್ ಅವುಗಳ ಮೇಲೆ ಬೆರಳಿನ ಅಂಕಿಗಳನ್ನು, ಉಸಿರಿನ ಗೆರೆಗಳನ್ನು, ಅಚ್ಚಿನ ತಪ್ಪುಗಳ ತಿದ್ದುಪಡಿಯನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ. ಜೇನ್ ಸ್ಟರ್ಲಿಂಗ್ ಅವನ್ನು ಏಳು ಸಂಪುಟಗಳಾಗಿ ಕಟ್ಟಿಸಿ ಜೀವಮಾನವಿಡೀ ಕಾಪಾಡಿದಳು. ಕಮಿಲ್ ದ್ಯುಬುವಾ ಎಂಬ ಇನ್ನೊಬ್ಬ ಶಿಷ್ಯೆಯ ಪ್ರತಿಗಳೂ ಉಳಿದವು. ಎರಡೂ ಸಂಗ್ರಹಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ ಸೇರಿವೆ. ಇ ಫ್ಲ್ಯಾಟ್ ನಾಕ್ಟರ್ನ್‌ನ ಪುಟಗಳನ್ನು ತೆರೆದಾಗ ಸಂಶೋಧಕರಿಗೆ ಕಂಡದ್ದು ಕುತೂಹಲದ ಸಂಗತಿ. ಮುದ್ರಿತ ಅಲಂಕಾರಗಳ ಬದಲಿಗೆ ಆತ ಬೇರೆ ಕುಸುರಿಗಳನ್ನು ಅಂಚಿನಲ್ಲಿ ಬರೆದುಕೊಟ್ಟಿದ್ದ. ಒಬ್ಬರಿಗೆ ಕೊಟ್ಟದ್ದೇ ಇನ್ನೊಬ್ಬರಿಗಿಲ್ಲ. ತನ್ನ ಕೃತಿಯೊಳಗೆ ಲಿಸ್ಟ್ ಕೈಯಾಡಿಸಿದ್ದನ್ನು ಸಹಿಸದವನು ತಾನೇ ಅದನ್ನು ಶಿಷ್ಯರ ಕೈಗೆ ತಕ್ಕಂತೆ ಮತ್ತೆ ಮತ್ತೆ ಹೊಸದಾಗಿಸುತ್ತಿದ್ದ.

ಚೆರ್ನೊವಿಟ್ಜ್‌ನ ಕಾರೊಲ್ ಮಿಕುಲಿ 1840ರ ದಶಕದಲ್ಲಿ ಶೋಪಾನ್ ಬಳಿ ಕಲಿತು, ಮುಂದೆ ಲ್ವೊವ್ ನಗರದಲ್ಲಿ ದೀರ್ಘಕಾಲ ಪಾಠ ಹೇಳಿದ. 1879ರಲ್ಲಿ ಗುರುವಿನ ಕೃತಿಗಳ ಸಂಪುಟವನ್ನು ಪ್ರಕಟಿಸಿ, ಮುನ್ನುಡಿಯಲ್ಲಿ ಬೋಧನಾಕ್ರಮವನ್ನು ವಿವರಿಸಿದ. ಮೆಟ್ರೊನೋಮ್‌ನ ಸಂಗತಿ ನಮಗೆ ತಿಳಿದದ್ದು ಅಲ್ಲಿಂದಲೇ. ಮಿಕುಲಿಯ ಬಳಿ ಬಾಲ್ಯದಲ್ಲಿ ಕಲಿತ ರೌಲ್ ಕೊಚಾಲ್ಸ್‌ಕಿ ಈ ನಾಕ್ಟರ್ನ್ ಅನ್ನು ಆ ಪೆನ್ಸಿಲ್ ಅಲಂಕಾರಗಳೊಂದಿಗೆ 1938ರಲ್ಲಿ ಧ್ವನಿಮುದ್ರಿಸಿದ್ದಾನೆ. ಹಳೆಯ ತಟ್ಟೆಯ ಗರಗರ ಸದ್ದಿನ ನಡುವೆಯೂ ಎಡಗೈಯ ಆ ಮೃದುವಾದ, ಅವಸರವಿಲ್ಲದ ನಡೆ ಸ್ಪಷ್ಟವಾಗಿ ಕೇಳುತ್ತದೆ. ಪೋಲೆಂಡಿನ ಯಾನ್ ಎಕಿಯರ್ ದಶಕಗಳ ಕಾಲ ದುಡಿದು 2010ರಲ್ಲಿ ಪೂರ್ಣಗೊಳಿಸಿದ ರಾಷ್ಟ್ರೀಯ ಆವೃತ್ತಿಯಲ್ಲಿ ಈ ಕೃತಿ ಎರಡು ಸಲ ಅಚ್ಚಾಗಿದೆ: ಮೊದಲು ಶೋಪಾನ್ ಪ್ರಕಟಿಸಿದಂತೆ, ಆಮೇಲೆ ಆತ ಕಲಿಸಿದಂತೆ.